ಮೊದಲು ಕೋಟು ನೋಡಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ನೀವೆಲ್ಲ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೊರಟವರು. ದರಿಯಾ ದೌಲತ್ತಿನ ಗೋಡೆ ಚಿತ್ರ ನೋಡುವುದಕ್ಕೆ ಮುಂಚೆ ಇನ್ನೊಂದು ಚಿತ್ರದ ಮುಂದೆ ನಿಮ್ಮನ್ನು ಒಂದು ಗಂಟೆ ಕೂರಿಸಬೇಕು ಅಂತ ನಾನೇ ಹಟ ಮಾಡಿ ಈ ಸಮಯ ಕೇಳಿ ಪಡೆದಿದ್ದೇನೆ. ದೀಪ ಸ್ವಲ್ಪ ಕಡಿಮೆ ಮಾಡಿ. ಹಾಂ, ಸಾಕು.

ಪರದೆ ಮೇಲೆ ಇರುವವನು ವಿಲಿಯಂ ಅಗಸ್ಟಸ್, ಕಂಬರ್ಲೆಂಡಿನ ಡ್ಯೂಕ್. ಇಂಗ್ಲೆಂಡಿನ ಎರಡನೇ ಜಾರ್ಜ್ ದೊರೆಯ ಕಿರಿಯ ಮಗ, ಇಡೀ ಬ್ರಿಟಿಷ್ ಸೈನ್ಯದ ದಂಡನಾಯಕ. ಚಿತ್ರ ಸುಮಾರು 1748–49ರದು, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಆಗ ಇವನಿಗೆ ಇಪ್ಪತ್ತೇಳರ ಆಸುಪಾಸು. ತುಂಬಿದ ಕೆನ್ನೆ, ಪುಡಿ ಹಾಕಿದ ವಿಗ್ಗು, ಜರಿ ಅಂಚಿನ ಕೆಂಪು ಕೋಟು, ಗಾರ್ಟರ್ ಅನ್ನುವ ರಾಜಗೌರವದ ನೀಲಿ ಪಟ್ಟಿ. ಚಿತ್ರದ ಕೆಳಗಿನ ಫಲಕದಲ್ಲಿ ಬರೆದವರ ಹೆಸರು ಹೇಗಿದೆ ಗೊತ್ತೇ? 'ಡೇವಿಡ್ ಮೋರಿಯರ್ ಅವರ ಸ್ಟುಡಿಯೋ' ಅಂತ. ಡೇವಿಡ್ ಮೋರಿಯರ್ ಅಂತಲ್ಲ, ಅವರ ಸ್ಟುಡಿಯೋ. ನಾನು ಮಾತಾಡಬೇಕು ಅಂದುಕೊಂಡಿರುವುದೆಲ್ಲ ಆ ಒಂದು ಪದದ ಒಳಗಿದೆ.

ನೀವು ಚಿತ್ರಕಲೆಯ ವಿದ್ಯಾರ್ಥಿಗಳು. ಭಾವಚಿತ್ರ ಕಂಡರೆ ನಿಮ್ಮ ಕಣ್ಣು ನೇರ ಮುಖಕ್ಕೆ ಹೋಗುತ್ತದೆ. ಕಣ್ಣಿನ ಹೊಳಪು, ತುಟಿಯ ತಿರುವು, 'ಒಳಗಿನ ವ್ಯಕ್ತಿ ಹೊರಗೆ ಬಂದಿದ್ದಾನೆ' ಅನ್ನುವ ಮಾತು. ನನ್ನ ಬೇಡಿಕೆ ಒಂದೇ. ದೊಡ್ಡ ಮನುಷ್ಯರ ಚಿತ್ರದ ಮುಂದೆ ನಿಂತಾಗ ಮೊದಲು ಕೋಟು ನೋಡಿ. ಮುಖಕ್ಕೆ ಮಾತು ಕಲಿಸಿರುತ್ತಾರೆ, ಕೋಟಿಗೆ ಕಲಿಸಿರುವುದಿಲ್ಲ.

ಇದು ನನಗೆ ಲಂಡನ್ನಿನಲ್ಲಿ ಹೊಳೆದದ್ದಲ್ಲ, ನಮ್ಮ ತಂದೆಯ ಸ್ಟುಡಿಯೋದಲ್ಲಿ ಹೊಳೆದದ್ದು. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿಗೆ ಎರಡು ಅಂಕಣದ ಫೋಟೋ ಸ್ಟುಡಿಯೋ. ಒಳಗೆ ಒಂದು ಪರದೆ, ಅದರ ಮೇಲೆ ಸರೋವರ, ಮೆಟ್ಟಿಲು, ಬಳ್ಳಿ. ಒಂದು ಮರದ ಕುರ್ಚಿ. ಗೋಡೆಗೆ ಹೊಡೆದ ಮೊಳೆಯ ಮೇಲೆ ಒಂದು ಕಪ್ಪು ಕೋಟು. ಹಳ್ಳಿಯಿಂದ ಮದುವೆ ಗಂಡು ಬರುತ್ತಿದ್ದ, ಹೆಣ್ಣಿನ ಕಡೆಯವರಿಗೆ ಫೋಟೋ ಕಳಿಸಬೇಕು. ಅಪ್ಪ ಆ ಕೋಟು ತೆಗೆದು ಎರಡು ಸಲ ಒದರಿ ಅವನಿಗೆ ತೊಡಿಸುತ್ತಿದ್ದರು. ದಪ್ಪ ಇದ್ದವನಿಗೆ ಬೆನ್ನಿನ ಹೊಲಿಗೆ ಬಿಚ್ಚಿ ಬಿಡುವುದು, ಸಣಕಲನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಹಿಂದಿನಿಂದ ಬಿಗಿಯುವುದು. ಕ್ಲಿಪ್ಪು ಹಾಕುವುದು ನನ್ನ ಕೆಲಸ. ಸೊಂಟದ ಕೆಳಗೆ ಪಂಚೆ, ಕಾಲಲ್ಲಿ ಕೆರೆ ಕೆಸರು ಇನ್ನೂ ಒಣಗಿರುತ್ತಿರಲಿಲ್ಲ. ಫೋಟೋದಲ್ಲಿ ಮಾತ್ರ ವಕೀಲರ ಹಾಗೆ ಕೂತಿರುತ್ತಿದ್ದ. ಆ ಕೋಟಿಗೆ ಮೂರು ಗುಂಡಿ. ನಡುವಿನದು ಒಮ್ಮೆ ಕಿತ್ತುಹೋಗಿ ಅಮ್ಮ ಮನೆಯಲ್ಲಿ ಸಿಕ್ಕಿದ ಬೇರೆ ಗುಂಡಿ ಹೊಲಿದಿದ್ದರು. ಅದು ಕಂದು ಬಣ್ಣದ್ದು. ಕಪ್ಪು ಬಿಳುಪಿನ ಫೋಟೋದಲ್ಲಿ ಅದು ಉಳಿದೆರಡಕ್ಕಿಂತ ಒಂದು ಎಳೆ ಬೆಳ್ಳಗೆ ಕಾಣುತ್ತದೆ. ಇವತ್ತಿಗೂ ನಮ್ಮ ಕಡೆ ಯಾವ ಹಳ್ಳಿಯ ಮನೆಗೆ ಹೋದರೂ ನಡುಮನೆಯ ಗೋಡೆಯ ಮೇಲೆ ಆ ಗುಂಡಿ ಹುಡುಕುತ್ತೇನೆ. ಒಂದು ಮನೆಯಲ್ಲಿ ಅಪ್ಪ, ಮಗ, ಅಳಿಯ ಮೂವರೂ ಸಾಲಾಗಿ ಫ್ರೇಮಿನೊಳಗಿದ್ದಾರೆ, ಮೂರು ಮುಖ, ಒಂದೇ ಕೋಟು. ಆ ಮನೆಯವರು ಅದನ್ನು ಗಮನಿಸಿಯೇ ಇರಲಿಲ್ಲ. ನಾನು ತೋರಿಸಿದಾಗ ಆ ಮನೆಯ ಅಜ್ಜಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಹಂಗಾರೆ ನಾನು ಮೆಚ್ಚಿದ್ದು ನಿಮ್ಮಪ್ಪನ ಕೋಟನ್ನೇನಪ್ಪಾ" ಅಂದರು.

ಅಪ್ಪ ರಾತ್ರಿ ಕೂತು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಗೆರೆ ಎಲ್ಲ ಮಾಯ. ಮುಖವನ್ನು ತಿದ್ದಿದರು. ಕೋಟಿನ ಗುಂಡಿಯನ್ನು ಯಾವತ್ತೂ ತಿದ್ದಲಿಲ್ಲ, ಅದನ್ನು ಯಾರೂ ನೋಡುವುದಿಲ್ಲ ಅಂತ. ನಾನು ಹೇಳಲು ಬಂದದ್ದು ಅದೇ.

ಈಗ ಲಂಡನ್ನಿಗೆ ಬರೋಣ. ಹದಿನೆಂಟನೇ ಶತಮಾನದ ಆ ಊರಿನಲ್ಲಿ ಭಾವಚಿತ್ರ ಒಂದು ದೊಡ್ಡ ಕಸುಬು. ನಮ್ಮಲ್ಲಿ ಪಾಸ್‌ಪೋರ್ಟ್ ಸೈಜು, ಕ್ಯಾಬಿನೆಟ್ ಸೈಜು ಇದ್ದ ಹಾಗೆ ಅವರ ಕ್ಯಾನ್ವಾಸಿಗೂ ಗೊತ್ತಾದ ಅಳತೆಗಳಿದ್ದವು. ಬರೀ ತಲೆ ಅಂದರೆ 30 ಇಂಚಿಗೆ 25. ಅರ್ಧ ದೇಹ 50ಕ್ಕೆ 40. ಪೂರ್ತಿ ನಿಂತದ್ದು 94ಕ್ಕೆ 58. ಅಳತೆಗೆ ತಕ್ಕ ದರ. ಹೆಸರಾಂತ ಚಿತ್ರಕಾರ ಜಾಶುವಾ ರೆನಾಲ್ಡ್ಸ್ 1764ರ ಹೊತ್ತಿಗೆ ತಲೆಗೆ 30 ಗಿನಿ ಚಿನ್ನದ ನಾಣ್ಯ, ಅರ್ಧಕ್ಕೆ 70, ಪೂರ್ತಿಗೆ 150 ತೆಗೆದುಕೊಳ್ಳುತ್ತಿದ್ದರು. ಅವರ ಚಿತ್ರಶಾಲೆಯಲ್ಲಿ ಗಿರಾಕಿ ಕೂರುವ ಕುರ್ಚಿ ಎತ್ತರದ ಮಣೆಯ ಮೇಲಿತ್ತು, ಕೆಳಗೆ ಸಣ್ಣ ಗಾಲಿಗಳು, ಬೆಳಕಿನ ಕಡೆ ತಿರುಗಿಸಿಕೊಳ್ಳಲು. ಆ ಕುರ್ಚಿ ಈಗಲೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿದೆ. ದೊಡ್ಡವರು ಬಂದು ಒಂದು, ಒಂದೂವರೆ ಗಂಟೆ ಕೂತು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಆಗುತ್ತಿದ್ದದ್ದು ಮುಖ. ಕೋಟು, ಜರಿ, ಪರದೆ, ಆಕಾಶ ಎಲ್ಲ ಆಮೇಲೆ, ಬೇರೆಯವರ ಕೈಯಿಂದ.

ಬಟ್ಟೆ ಬರೆಯುವುದನ್ನೇ ಕಸುಬು ಮಾಡಿಕೊಂಡವರು ಇದ್ದರು. ಜೋಸೆಫ್ ವಾನ್ ಆಕೆನ್ ಅಂತ ಒಬ್ಬ. ಊರಿನ ಹೆಸರಾಂತ ಕಲಾವಿದರೆಲ್ಲ ಮುಖ ಬರೆದ ಕ್ಯಾನ್ವಾಸನ್ನು ಅವನ ಮನೆಗೆ ಕಳಿಸುತ್ತಿದ್ದರು, ಅವನು ರೇಷ್ಮೆ, ಮಖಮಲ್ಲು ತೊಡಿಸಿ ವಾಪಸ್ಸು ಕಳಿಸುತ್ತಿದ್ದ. 1749ರಲ್ಲಿ ಅವನು ತೀರಿಕೊಂಡ. ನಮ್ಮ ಡ್ಯೂಕನ ಚಿತ್ರ ಆದ ಆಸುಪಾಸಿನಲ್ಲೇ. ಆಗ ಹೋಗಾರ್ತ್ ಅನ್ನುವ ಚಿತ್ರಕಾರ ಒಂದು ಅಣಕು ಚಿತ್ರ ಗೀಚಿದ. ವಾನ್ ಆಕೆನ್‌ನ ಶವಯಾತ್ರೆಯ ಹಿಂದೆ ಲಂಡನ್ನಿನ ಭಾವಚಿತ್ರಕಾರರೆಲ್ಲ ಗೋಳಾಡುತ್ತಾ ಹೋಗುತ್ತಿದ್ದಾರೆ, ಇನ್ನು ನಮಗೆ ಕೋಟು ಬರೆದುಕೊಡುವವರು ಯಾರು ಅಂತ! ಆ ವಾನ್ ಆಕೆನ್ ನನಗೆ ಬಹಳ ಹತ್ತಿರದವನು ಅನ್ನಿಸುತ್ತಾನೆ. ಮೊಳೆಯ ಮೇಲಿನ ಕೋಟಿಗೆ ಕೈಕಾಲು ಬಂದ ಹಾಗೆ.

ರಾಜವಂಶದವರ ಚಿತ್ರ ಅಂದರೆ ಒಂದು ಪ್ರತಿ ಸಾಲದು. ರಾಯಭಾರಿಗಳಿಗೆ ಬೇಕು, ನೆಂಟರಿಷ್ಟರಿಗೆ ಬೇಕು, ಸರದಾರರಿಗೆ ಬೇಕು. ಒಂದು ಮುಖವನ್ನು ಗುರು ಬರೆದರೆ ಅದನ್ನು ನೋಡಿ ಶಿಷ್ಯರು ಸಾಲಾಗಿ ಪ್ರತಿ ಮಾಡಬೇಕು. ಮೂರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಚಿತ್ರವನ್ನು ಆಲನ್ ರ‍್ಯಾಮ್ಸೆ ಬರೆದ ಮೇಲೆ ಅವರ ಸ್ಟುಡಿಯೋ ವರ್ಷಗಟ್ಟಲೆ ಅದರ ಪ್ರತಿಗಳನ್ನೇ ತಯಾರಿಸುತ್ತಾ ಕೂತಿತು. ಫಿಲಿಪ್ ರೈನೇಗಲ್ ಅನ್ನುವ ಶಿಷ್ಯನಿಗೆ ರಾಜ ರಾಣಿಯರನ್ನು ಬರೆದೂ ಬರೆದೂ ಬೇಸರ ಹತ್ತಿ, ಕೊನೆಗೆ ಮನುಷ್ಯರ ಮುಖ ಬಿಟ್ಟು ನಾಯಿ, ಹಕ್ಕಿ ಬರೆಯಲು ಹೋದ. ನಮ್ಮ ಮನೆಗಳ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಅಚ್ಚಿನ ಯಂತ್ರದಿಂದ ಬಂದವಳು. ಇಲ್ಲಿ ಮನುಷ್ಯರೇ ಅಚ್ಚಿನ ಯಂತ್ರ.

ಹಾಗಾಗಿ 'ಸ್ಟುಡಿಯೋ' ಅನ್ನುವ ಪದವನ್ನು ನಾನು ಕೀಳು ಅಂತ ಓದುವುದಿಲ್ಲ. ಆ ಕೋಟಿನ ಜರಿಯನ್ನು ಹತ್ತಿರ ಹೋಗಿ ನೋಡಿ. ನಾನು ಮೂಗು ತಾಗುವಷ್ಟು ಹತ್ತಿರ ನಿಂತಿದ್ದೆ, ಕಾವಲಿನವರು ಎರಡು ಸಲ ಹಿಂದೆ ಸರಿಸಿದರು. ದೂರದಿಂದ ಚಿನ್ನದ ಹೆಣಿಗೆ ಅನ್ನಿಸುವುದು ಹತ್ತಿರದಲ್ಲಿ ಬರೀ ಹಳದಿ, ಕಂದು ಗೀಟುಗಳು. ಅವುಗಳ ಮೇಲೆ ಅಲ್ಲಲ್ಲಿ ದಪ್ಪ ಬಣ್ಣದ ಒಂದೊಂದು ಚುಕ್ಕೆ. ಹೆಸರಿಲ್ಲದ ಯಾವನೋ ಹುಡುಗ, ನಿಮ್ಮ ವಯಸ್ಸಿನವನೇ ಇರಬೇಕು, ಕುಂಚದ ತುದಿಯಲ್ಲಿ ಇಷ್ಟೇ ಇಷ್ಟು ಬಣ್ಣ ಎತ್ತಿ ಇಟ್ಟ ಚುಕ್ಕೆ. ಇನ್ನೂರ ಎಪ್ಪತ್ತು ವರ್ಷಗಳಿಂದ ಅದು ಹೊಳೆಯುತ್ತಿದೆ.

ಈಗ ಕೋಟಿನ ಕೆಂಪಿಗೆ ಬರುತ್ತೇನೆ. ಬ್ರಿಟಿಷ್ ಸೈನ್ಯದ ಕೆಂಪು ಒಂದೇ ಕೆಂಪಲ್ಲ. ಅಧಿಕಾರಿಗಳ ಬಟ್ಟೆಗೆ ಕಾಚಿನೀಲ್, ಅಂದರೆ ಮೆಕ್ಸಿಕೋದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಪುಟ್ಟ ಹುಳದ ಬಣ್ಣ, ಬೆಂಕಿಯಂಥ ಕೆಂಪು. ಸಾಮಾನ್ಯ ಸಿಪಾಯಿಗೆ ಮ್ಯಾಡರ್ ಬೇರಿನ ಬಣ್ಣ, ನಮ್ಮ ಮಂಜಿಷ್ಠದ ದಾಯಾದಿ ಗಿಡ. ಅದು ಇಟ್ಟಿಗೆಯ ಹಾಗೆ ಮಂಕು, ಮಳೆ ಬಿಸಿಲಿಗೆ ಇನ್ನಷ್ಟು ಮಂಕು. ರಣರಂಗದಲ್ಲಿ ದೂರದಿಂದಲೇ ಯಾರ ಕೋಟಿಗೆ ದುಡ್ಡು ಸುರಿದಿದ್ದಾರೆ ಅಂತ ಗೊತ್ತಾಗುತ್ತಿತ್ತು. ಈ ಚಿತ್ರದ ಕೆಂಪು ಹುಳದ ಕೆಂಪು.

ಆ ಕೋಟು ತೊಟ್ಟವನು ಮಾಡಿದ್ದೇನು? ಸ್ಕಾಟ್ಲೆಂಡಿನ ಕಲೋಡನ್ ಕದನದ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಬ್ರಿಟನ್ನಿನ ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಸ್ಕಾಟ್ಲೆಂಡಿನ ಗುಡ್ಡಗಾಡಿನವರನ್ನು ಕಟ್ಟಿಕೊಂಡು ಅದನ್ನು ಮರಳಿ ಪಡೆಯಲು ಬಂದ. 1746ರ ಏಪ್ರಿಲ್ 15ಕ್ಕೆ ನಮ್ಮ ಡ್ಯೂಕನಿಗೆ ಇಪ್ಪತ್ತೈದು ತುಂಬಿತು. ಹುಟ್ಟುಹಬ್ಬಕ್ಕೆ ಸೈನ್ಯಕ್ಕೆಲ್ಲ ಬ್ರಾಂದಿ ಹಂಚಿದರು. ಕುಡಿದು ಮಲಗಿರುತ್ತಾರೆ, ರಾತ್ರಿ ಹೋಗಿ ಮೇಲೆ ಬೀಳೋಣ ಅಂತ ಆ ಹಸಿದ ಗುಡ್ಡಗಾಡಿನವರು ಕತ್ತಲಲ್ಲಿ ನಡೆದರು. ದಾರಿ ಮುಗಿಯುವುದಕ್ಕೆ ಮುಂಚೆ ಬೆಳಗಾಗುವ ಹೊತ್ತು ಬಂತು. ತಿರುಗಿ ನಡೆದರು. ನಿದ್ದೆಯಿಲ್ಲ, ಊಟವಿಲ್ಲ. ಮರುದಿನ ಮಧ್ಯಾಹ್ನ ಹಸಿ ಬಯಲಿನಲ್ಲಿ ಯುದ್ಧ. ಒಂದು ಗಂಟೆಯೊಳಗೆ ಮುಗಿಯಿತು. ಡ್ಯೂಕನ ಕಡೆ ಸತ್ತವರು ಸುಮಾರು 50. ಆ ಕಡೆ ಸತ್ತವರು, ಗಾಯಗೊಂಡವರು 1,500ರಿಂದ 2,000. ಗಾಯಗೊಂಡು ಬಿದ್ದವರನ್ನೂ ಕೊಂದರು, ಆಮೇಲೆ ಊರೂರು ಸುಟ್ಟರು. ಅವನಿಗೆ 'ಕಟುಕ' ಅನ್ನುವ ಹೆಸರು ಬಿದ್ದದ್ದು ಆಗ. ಇಂಗ್ಲೆಂಡಿನಲ್ಲಿ ಅವನ ಮುಖ ಹೆಂಡದಂಗಡಿಗಳ ಬೋರ್ಡಿನ ಮೇಲೆ ತೂಗಿತು.

ಚಿತ್ರದಲ್ಲಿ ಆ ಬಯಲಿನ ಒಂದು ತೊಟ್ಟು ಕೆಸರಿದೆಯೇ? ಮುಖ ಏನೂ ಹೇಳುವುದಿಲ್ಲ. ಶಾಂತವಾಗಿದೆ. 1743ರಲ್ಲಿ ಡೆಟಿಂಗನ್ ಕದನದಲ್ಲಿ ಅವನ ಕಾಲಿಗೆ ಗುಂಡು ತಗುಲಿತ್ತು, ಆ ಗಾಯ ಅವನನ್ನು ಸಾಯುವವರೆಗೆ ಕಾಡಿತು. ಅದರ ಸುಳಿವೂ ಇಲ್ಲ. 1745ರಲ್ಲಿ ಫಾಂಟನಾಯ್‌ನಲ್ಲಿ ಸೋತಿದ್ದ, 1747ರಲ್ಲಿ ಲಾಫೆಲ್ಟ್‌ನಲ್ಲಿ ಸೋತಿದ್ದ. ಆ ಸೋಲುಗಳನ್ನೂ ಮುಖ ನುಂಗಿಕೊಂಡಿದೆ. ಕೋಟು ಮಾತ್ರ ನುಂಗಿಕೊಳ್ಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಈ ಕೋಟು ಬರೆಯುತ್ತಿದ್ದ ದಿನಗಳಲ್ಲೇ ಇನ್ನೊಂದು ಉಡುಪನ್ನು ಕಾನೂನು ಮಾಡಿ ಕಿತ್ತುಹಾಕಿದ್ದರು. ಕಲೋಡನ್ ಆದ ವರ್ಷವೇ ಪಾರ್ಲಿಮೆಂಟು ಗುಡ್ಡಗಾಡಿನ ಗಂಡಸರು ತಮ್ಮ ಚೌಕುಳಿ ಉಡುಪು ತೊಡಕೂಡದು ಅಂತ ಕಟ್ಟಳೆ ಮಾಡಿತು. ಮೊದಲ ತಪ್ಪಿಗೆ ಆರು ತಿಂಗಳು ಜೈಲು, ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಒಂದೇ ಒಂದು ವಿನಾಯಿತಿ, ದೊರೆಯ ಸೈನ್ಯಕ್ಕೆ ಸೇರಿದರೆ ತೊಡಬಹುದು. ಮೇಲೆ ಕೆಂಪು ಕೋಟು ಹಾಕಿಕೊಂಡರೆ ಕೆಳಗೆ ನಿನ್ನ ಅಜ್ಜನ ಬಟ್ಟೆ ಉಡು ಅಂತ! ಒಬ್ಬ ಮನುಷ್ಯನನ್ನು ಹೀಗೆ ನಡುವಿನಲ್ಲಿ ಎರಡು ಮಾಡಿದ ಕಾನೂನು ಅದು. ಬಟ್ಟೆಯನ್ನು ಬರೀ ಅಲಂಕಾರ ಅನ್ನುವವರಿಗೆ ನಾನು ಈ ಕಟ್ಟಳೆ ತೋರಿಸುತ್ತೇನೆ.

ಮೋರಿಯರ್ ಇದನ್ನೆಲ್ಲ ಹತ್ತಿರದಿಂದ ಕಂಡವನು. ಸ್ವಿಟ್ಜರ್ಲೆಂಡಿನವನು, ಡ್ಯೂಕನ ಆಶ್ರಯದಲ್ಲಿದ್ದವನು. ಒಂದೊಂದು ರೆಜಿಮೆಂಟಿನ ಸಿಪಾಯಿಯನ್ನೂ ನಿಲ್ಲಿಸಿ ಟೋಪಿ, ಗುಂಡಿ, ಪಟ್ಟಿ ಸಮೇತ ಬರೆದಿದ್ದಾನೆ. ಬ್ರಿಟನ್ನಿನ ಅರಮನೆಗಳ ಸಂಗ್ರಹದಲ್ಲಿ ಅವು ಇವೆ, ಸಮವಸ್ತ್ರದ ಚರಿತ್ರೆ ಬರೆಯುವವರಿಗೆ ಅದೇ ಕೈಪಿಡಿ. ಕಲೋಡನ್ನಿನ ಒಂದು ದೃಶ್ಯವನ್ನೂ ಬರೆದ. ಅದರಲ್ಲಿನ ಗುಡ್ಡಗಾಡಿನವರಿಗೆ ಮಾದರಿಯಾಗಿ ನಿಂತವರು ಸೆರೆಯಾಳುಗಳೇ ಅನ್ನುವ ಮಾತು ಹಿಂದಿನಿಂದ ಬಂದಿದೆ. ಅದು ನಿಜವಾಗಿದ್ದರೆ, ಯೋಚನೆ ಮಾಡಿ, ಸೋತವನನ್ನು ಕರೆತಂದು, ನಿಷೇಧಿಸಿದ ಬಟ್ಟೆಯನ್ನು ಅವನಿಗೇ ತೊಡಿಸಿ, ಸಾಯುವವನ ಹಾಗೆ ನಿಲ್ಲು ಅಂತ ಹೇಳುವುದು. ಅಪ್ಪನ ಸ್ಟುಡಿಯೋದ ಕೋಟು ಬಡವನಿಗೆ ಒಂದು ಗಳಿಗೆಯ ಮರ್ಯಾದೆ ಕೊಡುತ್ತಿತ್ತು. ಇದು ಇದ್ದ ಮರ್ಯಾದೆಯನ್ನು ಕಳೆಯುವ ಬಟ್ಟೆ. ಇಷ್ಟೆಲ್ಲ ಬರೆದ ಮೋರಿಯರ್ ಡ್ಯೂಕ್ ಸತ್ತ ಮೇಲೆ ಸಾಲ ತೀರಿಸಲಾರದೆ ಲಂಡನ್ನಿನ ಫ್ಲೀಟ್ ಜೈಲು ಸೇರಿದ. 1770ರಲ್ಲಿ ತೀರಿಕೊಂಡಾಗ ಮಣ್ಣಿನ ಖರ್ಚು ಕೊಟ್ಟವರು ಕಲಾವಿದರ ಸಂಘದವರು.

ಡ್ಯೂಕನ ಕೊನೆಯನ್ನು ಬೇಗ ಹೇಳಿಬಿಡುತ್ತೇನೆ. 1757ರಲ್ಲಿ ಹಾಸ್ಟನ್‌ಬೆಕ್‌ನಲ್ಲಿ ಫ್ರೆಂಚರ ಎದುರು ಸೋತು ಒಪ್ಪಂದಕ್ಕೆ ಸಹಿ ಹಾಕಿ ಬಂದ. ನನ್ನನ್ನು ಹಾಳು ಮಾಡಿ ತನ್ನ ಮಾನವನ್ನೂ ಕಳೆದುಕೊಂಡ ಮಗ ಇವನು ಅಂತ ತಂದೆಯೇ ಆಸ್ಥಾನದ ಎದುರಿಗೆ ಅಂದ. ದಂಡನಾಯಕನ ಪದವಿ ಬಿಟ್ಟ. ಆಮೇಲೂ ರೆನಾಲ್ಡ್ಸ್ ಅವನನ್ನು ಕೂರಿಸಿ ಬರೆದರು, ಅದಕ್ಕೂ ಸ್ಟುಡಿಯೋ ಪ್ರತಿಗಳಾದವು. ವಿಂಡ್ಸರಿನಲ್ಲಿ ಕುದುರೆ ಸಾಕಿದ. ಎಕ್ಲಿಪ್ಸ್ ಅನ್ನುವ ಜಗತ್ಪ್ರಸಿದ್ಧ ಕುದುರೆ 1764ರ ಸೂರ್ಯಗ್ರಹಣದ ದಿನ ಹುಟ್ಟಿದ್ದು ಅವನ ಲಾಯದಲ್ಲೇ. ಮರುವರ್ಷ ನಲವತ್ತನಾಲ್ಕಕ್ಕೆ ಸತ್ತ.

ಹತ್ತು ನಿಮಿಷ ಅಂತ ಚೀಟಿ ಬಂದಿದೆ. ಕಲೋಡನ್ ಆದ ಮೇಲೆ ನಡೆದ ಗುಡ್ಡಗಾಡಿನ ಸರ್ವೆ ಬಗ್ಗೆ, ಅಲ್ಲಿ ವಿಲಿಯಂ ರಾಯ್ ಶುರುಮಾಡಿದ ಅಳತೆಯ ಪರಂಪರೆ 1800ರಲ್ಲಿ ಬೆಂಗಳೂರಿನಲ್ಲಿ ಲ್ಯಾಂಬ್ಟನ್ ಅನ್ನುವ ಅಧಿಕಾರಿ ನೆಲ ಅಳೆಯಲು ಸರಪಳಿ ಹಿಡಿಯುವವರೆಗೆ ಹೇಗೆ ಬಂತು ಅನ್ನುವುದರ ಬಗ್ಗೆ ಹೇಳಬೇಕಿತ್ತು. ಲಂಡನ್ನಿನ ಕ್ಯಾವೆಂಡಿಷ್ ಚೌಕದಲ್ಲಿದ್ದ, ಕುದುರೆಯ ಮೇಲೆ ಕೂತ ಡ್ಯೂಕನ ಪ್ರತಿಮೆಯ ಬಗ್ಗೆಯೂ. 1770ರಲ್ಲಿ ನಿಲ್ಲಿಸಿದ ಅದನ್ನು 1868ರಲ್ಲಿ ಇಳಿಸಿದರು. 2012ರಲ್ಲಿ ಮೀಕ್ಯಾಂಗ್ ಶಿನ್ ಅನ್ನುವ ಕೊರಿಯಾದ ಕಲಾವಿದೆ ಅದೇ ಪೀಠದ ಮೇಲೆ ಸಾಬೂನಿನಲ್ಲಿ ಅದೇ ಪ್ರತಿಮೆ ಮಾಡಿ ಮಳೆಗೆ ಬಿಟ್ಟರು. ಇದನ್ನು ನೀವೇ ಹುಡುಕಿ ನೋಡಿ. ಈಗ ಶ್ರೀರಂಗಪಟ್ಟಣಕ್ಕೆ ಬಂದುಬಿಡೋಣ.

ಕಲೋಡನ್ನಿನ ಹಿಂದಿನ ದಿನ ಸೆರೆ ಸಿಕ್ಕವರಲ್ಲಿ ಜಾನ್ ಮೆಕೆಂಜಿ ಅನ್ನುವ ಹದಿಹರೆಯದ ಹುಡುಗ ಇದ್ದ. ಲಾರ್ಡ್ ಮೆಕ್‌ಲೌಡ್ ಅನ್ನುವುದು ಬಿರುದು. ಆಸ್ತಿಯೆಲ್ಲ ಹೋಯಿತು, 1748ರಲ್ಲಿ ಕ್ಷಮೆ ಸಿಕ್ಕಿತು. ಸ್ವೀಡನ್ನಿನ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದು ವಾಪಸ್ಸು ಬಂದು, ಮತ್ತೆ ದೊರೆಯ ವಿಶ್ವಾಸ ಗಳಿಸಲು ತನ್ನ ಗುಡ್ಡಗಾಡಿನವರನ್ನೇ ಸೇರಿಸಿ ಒಂದು ರೆಜಿಮೆಂಟು ಕಟ್ಟಿದ. ಅದನ್ನು ಎಲ್ಲಿಗೆ ಕಳಿಸಿದರು? 1780ರ ಜನವರಿಯಲ್ಲಿ ಮದರಾಸಿಗೆ, ಹೈದರಾಲಿಯ ಎದುರಿಗೆ. ಆ ಸೆಪ್ಟೆಂಬರ್ 10ಕ್ಕೆ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ತುಕಡಿಯನ್ನು ಹೈದರ್, ಟಿಪ್ಪು ಸುತ್ತುವರಿದು ಮುಗಿಸಿದಾಗ ಅದರೊಳಗೆ ಈ ರೆಜಿಮೆಂಟಿನ ಎರಡು ಕಂಪನಿಗಳೂ ಇದ್ದವು. ಅವುಗಳಲ್ಲಿದ್ದ ಒಬ್ಬ ಕ್ಯಾಪ್ಟನ್ ಡೇವಿಡ್ ಬೇರ್ಡ್. ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಸೆರೆ, 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿ ಹಾಕಿದ್ದಾರೆ ಅನ್ನುವ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿಗೆ ಮುಟ್ಟಿದಾಗ ಆಕೆ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು" ಅಂದಳಂತೆ! ಮಗನ ಸಿಟ್ಟು ತಾಯಿಗಲ್ಲದೆ ಇನ್ಯಾರಿಗೆ ಗೊತ್ತು. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನೂ ಅದೇ ಡೇವಿ.

ಬೈಲಿ 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಮುಂದಿನ ತಿಂಗಳು ಹೈದರ್ ತೀರಿಕೊಂಡ. ಗುಡ್ಡಗಾಡಿನ ಬಟ್ಟೆಯ ಮೇಲಿನ ನಿಷೇಧವನ್ನು ಪಾರ್ಲಿಮೆಂಟು ರದ್ದು ಮಾಡಿದ್ದೂ ಅದೇ 1782ರಲ್ಲಿ. ಅಷ್ಟು ಹೊತ್ತಿಗೆ ಆ ಹುಡುಗರು ಕಾವೇರಿಯ ದಂಡೆಯಲ್ಲಿ ಸರಪಳಿಯಲ್ಲಿದ್ದರು.

ನಾಳೆ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮುಂದೆ ನಿಲ್ಲುತ್ತೀರಿ. 1784ರ ಅರಮನೆ. ಅಲ್ಲೂ ಒಬ್ಬ ರಾಜವಂಶದ ದಂಡನಾಯಕ ಇದ್ದಾನೆ, ಯುದ್ಧಕ್ಕೆ ಹೊರಟ ಟಿಪ್ಪು ಗುಲಾಬಿ ಮೂಸುತ್ತಿದ್ದಾನೆ. ಲಂಡನ್ನಿನ ಡ್ಯೂಕನ ಮುಖದಷ್ಟೇ ಶಾಂತ. ಗೆದ್ದವರು ಬೆವರುವುದನ್ನು ಯಾವ ಊರಿನ ಕಲಾವಿದನೂ ಬರೆಯುವ ಹಾಗಿರಲಿಲ್ಲ, ಅನ್ನ ಹಾಕುವವರು ಅವರೇ. ಮುಂದೆ ಪೊಳ್ಳಿಲೂರು. ಮದ್ದಿನ ಬಂಡಿ ಸಿಡಿಯುತ್ತಿದೆ, ಹೈದರನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ, ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ, ಒಳಗೆ ಪಲ್ಲಕ್ಕಿಯಲ್ಲಿ ಬೈಲಿ. ಅವನ ಬೆರಳು ಬಾಯಲ್ಲಿದೆ. ಇಡೀ ಗೋಡೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಒಂದು ಬೆರಳು. ಆ ಗೋಡೆಯನ್ನು ಆಮೇಲೆ ಗವರ್ನರ್ ಜನರಲ್ ಡಾಲ್ಹೌಸಿ ಕಾಲದಲ್ಲಿ ಮತ್ತೆ ಬರೆಸಿದ್ದಾರೆ, ಅಂದರೆ ಅದೂ ಹಲವು ಕೈಗಳ ಕೆಲಸ, ಅದೂ ಸ್ಟುಡಿಯೋ. ಅವರಲ್ಲಿ ಒಬ್ಬರ ಹೆಸರೂ ಅಲ್ಲಿ ಬರೆದಿಲ್ಲ.

ಆ ಚೌಕದಲ್ಲಿ ನಿಂತ ಕೆಂಪು ಕೋಟುಗಳನ್ನು ಒಂದೊಂದಾಗಿ ನೋಡಿ. ಎಲ್ಲಾ ಒಂದೇ ಅಚ್ಚು ಅನ್ನಿಸುತ್ತದೆ, ಅವಸರ ಮಾಡಬೇಡಿ. ಗುಂಡಿಯಲ್ಲೋ, ತೋಳಿನ ಮಡಿಕೆಯಲ್ಲೋ ಎಲ್ಲಾದರೂ ಒಂದು ಬೇರೆ ಥರ ಇರುತ್ತದೆ. ಸಿಕ್ಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ನಾಳೆ ಸಂಜೆ ನಾನು ಇಲ್ಲೇ ಇರುತ್ತೇನೆ.